ಆಯಿಯ ಸೀರೆಯುಟ್ಟ ಮುತ್ಯಾ

ಆಗೆಲ್ಲ ಯಂಕಂಚಿಯ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಅಜ್ಜಿ ಅಜ್ಜನನ್ನು ಬೈಯುವುದರಿಂದ. ಅವರು ನಮಗೆ ಆಯಿ, ಮುತ್ಯಾ. ಬೈಗುಳ ಮುತ್ಯಾನಿಗೆ, ಹೇಳುತ್ತಿದ್ದುದು ಮಾತ್ರ ನಮ್ಮ ಎಮ್ಮೆ ಚಂದ್ರಿಗೆ. ಹಾಲು ಕರೆಯಲು ಅದರ ಮಗ್ಗುಲಲ್ಲಿ ಚರಿಗೆ ಹಿಡಿದು ಕೂತು ಆಯಿ ಶುರು ಮಾಡುತ್ತಿದ್ದಳು:

"ನೋಡವ್ವಾ ಚಂದ್ರಿ, ಮುದುಕಗ ಕಟ್ಟಿ ಮ್ಯಾಲಿನ ಹರಟಿ ಬಿಟ್ರ ಬ್ಯಾರೆ ಕೆಲಸ ಐತೇನ?"

ಚಂದ್ರಿಯ ಕರು ಹುಟ್ಟಿದ ವಾರಕ್ಕೇ ಸತ್ತಿತ್ತು. ಅಂದಿನಿಂದ ಅದು ಹಾಲು ಇಳಿಸುತ್ತಿದ್ದುದು ಆಯಿಯೊಬ್ಬಳಿಗೇ. ಆಯಿಯನ್ನು ತನ್ನ ಕರು ಅಂತ ತಿಳಿದಿತ್ತೋ, ತನ್ನಂಥದೇ ಇನ್ನೊಂದು ಎಮ್ಮೆ ಅಂತಲೋ!

ಆ ಬೇಸಿಗೆಯಲ್ಲಿ ತನ್ನ ಅಣ್ಣನಿಗೆ ಹುಷಾರಿಲ್ಲವೆಂದು ಆಯಿ ನಿಡಗುಂದಿಗೆ ಹೋದಳು. ಅವ್ವ ಕರೆಯಲು ಕೂತರೆ ಚಂದ್ರಿ ಒದ್ದಿತು. ತಿನ್ನಲು ಹಿಂಡಿ ಇಟ್ಟರೂ ತೊಟ್ಟು ಹಾಲಿಲ್ಲ. ಓಣಿಯ ಉಳಿದ ಎಮ್ಮೆಗಳೆಲ್ಲ ಬತ್ತಿದ್ದವು. ಆಗಷ್ಟೇ ಮೊಲೆ ಬಿಡಿಸಿದ್ದ ನನ್ನ ತಮ್ಮ ಗಂಜಿ ಉಗುಳಿ, ಅತ್ತೂ ಅತ್ತೂ ಸೊರಗಿದ.

ಸೊಸೆಯಾದ ಅವ್ವ ಮಾವನಿಗೆ ಹೇಳಲಾರದ್ದನ್ನು ನಾನೇ ಹೇಳಿದೆ.

"ಮುತ್ಯಾ, ಆಯಿ ಸೀರಿ ಉಟ್ಕೊ."

ಗಿರಿಜಾ ಮೀಸೆಯ ಮುತ್ಯಾ ಇಳಕಲ್ ಸೀರೆಯುಟ್ಟು, ತಲೆ ಮೇಲೆ ಸೆರಗು ಹೊದ್ದು ಕೂತ. ಚಂದ್ರಿ ಸೆರಗು ಮೂಸಿ ಸುಮ್ಮನೆ ನಿಂತಿತು. ಹಾಲು ಮಾತ್ರ ಇಳಿಸಲಿಲ್ಲ.

"ಬೈಬೇಕು ಮುತ್ಯಾ!"

ಮುತ್ಯಾ ಗಂಟಲು ಸಣ್ಣ ಮಾಡಿದ. "ನೋಡವ್ವಾ ಚಂದ್ರಿ, ಮುದುಕ ಭಾಳ ಮೈಗಳ್ಳ..."

ಚಂದ್ರಿಯ ಕಿವಿ ಇತ್ತ ಹೊರಳಿತು. ಚರಿಗೆಯಲ್ಲಿ ಚುರ್ ಎಂದಿತು. ಅವ್ವ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತ ಬೆಚ್ಚನೆ ಹಾಲನ್ನು ತಮ್ಮನಿಗೆ ಕುಡಿಸಿದಳು.

ದಿನವೂ ಮುತ್ಯಾ ತನ್ನದೊಂದು ತಪ್ಪು ಹುಡುಕಿ ಬೈದುಕೊಂಡ. ಬರಬರುತ್ತ ಬೈಗುಳ ಮುಗಿದವು. ಒಂದು ಮುಂಜಾನೆ ತನ್ನ ದನಿಯಲ್ಲೇ ಅಂದ:

"ಮುದುಕಿ ಇಲ್ದ ಮುದುಕಗ ಊಟ ಸೇರವಲ್ದವ್ವಾ. ಮನಿ ಭಣಭಣ ಅನ್ನಾಕತ್ತೈತಿ."

ಅದಕ್ಕೂ ಚಂದ್ರಿ ಹಾಲು ಇಳಿಸಿತು. ಮೊದಲ ಬಸ್ಸಿಗೆ ಬಂದಿಳಿದಿದ್ದ ಆಯಿ ಗಂಟು ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು.

"ನನ್ನ ಚಲೋ ಸೀರಿಗೆ ಶಗಣಿ ಬಡದೀರಲ್ರೀ!" ಎನ್ನುತ್ತ ಕಣ್ಣೊರೆಸಿಕೊಂಡಳು.

ಅವರಿಬ್ಬರೂ ಈಗಿಲ್ಲ, ಚಂದ್ರಿಯೂ ಇಲ್ಲ. ನಮ್ಮವರೆಂದರೆ ಯಾರು ಅಂತ ನಾನು ಕಲಿತದ್ದು ಆ ಕೊಟ್ಟಿಗೆಯಲ್ಲೇ. ಆ ಎಮ್ಮೆಗೂ, ಮೀಸೆ ಮೇಲೆ ಸೆರಗು ಹೊದ್ದ ಮುತ್ಯಾನಿಗೂ ನಾನು ಋಣಿ.

ಈಗ ಸಿಂದಗಿಯ ನಮ್ಮ ಮನೆಗೆ ಪಾಕೀಟಿನ ಹಾಲು ಬರುತ್ತದೆ. ಕತ್ತರಿ ಹಚ್ಚಿದರೆ ಸಾಕು, ಯಾರ ಕೈಗಾದರೂ ಸುರಿಯುತ್ತದೆ.