ಟಾರ್ಪಾಲಿನಡಿಯ ಕೆಸರು

ಕೊಳಚೆ ನೀರು ಶುದ್ಧ ಮಾಡುವ ಘಟಕದ ಪ್ರಯೋಗಾಲಯದಲ್ಲಿ ಆಕೆಗೆ ಹತ್ತೊಂಬತ್ತು ವರ್ಷ ಸರ್ವಿಸು. ಎಲ್ಲರ ಬಾಯಲ್ಲೂ 'ಲ್ಯಾಬ್ ಅಕ್ಕ'. ಕೂತಲ್ಲಿ ಕೂರುವ ಜೀವವಲ್ಲ. ಊಟದ ಡಬ್ಬಿ ತೆರೆದಿಟ್ಟು, ಕಾಯಲು ಇಟ್ಟ ಬೀಕರನ್ನು ಎರಡು ಸಲ ನೋಡಿ ಬರುತ್ತಿದ್ದರು.

ಆ ವರ್ಷ, ನೀರು ಶುದ್ಧ ಮಾಡಿ ಉಳಿದು ಹಿಂದಿನ ಅಂಗಳದಲ್ಲಿ ಒಣಹಾಕಿದ ಕೆಸರಿನ ನಾತ ತಾಳಲಾರದೆ ಪಕ್ಕದ ಬೀದಿಯವರು ಗೇಟಿಗೇ ಬಂದು ಕೂಗಾಡಿದರು. "ರಾಶಿ ಮಾಡಿ ಟಾರ್ಪಾಲು ಮುಚ್ಚಿಬಿಡೋಣ ಸಾರ್" ಎಂದು ಮ್ಯಾನೇಜರಿಗೆ ಹೇಳಿದವರು ಲ್ಯಾಬ್ ಅಕ್ಕನೇ. ಮುಚ್ಚಿದರು. ನಾತ ಅಡಗಿತು. ಎಲ್ಲರೂ ಭೇಷ್ ಎಂದರು.

ಆರು ವಾರದ ಮೇಲೆ ರಾಶಿಯ ಬುಡದಲ್ಲಿ ಕಪ್ಪು ನೀರು ಜಿನುಗುತ್ತಿರುವುದು ಆಕೆಯ ಕಣ್ಣಿಗೆ ಬಿತ್ತು. ಯಾರೂ ಹೇಳದಿದ್ದರೂ ಬಾಟಲಿಗೆ ತುಂಬಿ ಪರೀಕ್ಷಿಸಿದರು. ಆರ್ಸೆನಿಕ್, ಅಂದರೆ ಪಾಷಾಣ, ಮುಚ್ಚುವ ಮೊದಲು ಬಯಲಲ್ಲಿ ಹರಡಿದ್ದ ಕೆಸರಿನ ನೀರಿಗಿಂತ ಹನ್ನೊಂದು ಪಟ್ಟು! ಬಾಟಲಿ ಸರಿಯಾಗಿ ತೊಳೆದಿಲ್ಲವೇನೋ ಎಂದು ಮತ್ತೆ ಮಾಡಿದರು. ಮೂರನೆಯ ಸಲವೂ ಅದೇ.

"ಏನೇ, ಕಾಲಿಗೆ ಚಕ್ರ ಕಟ್ಕೊಂಡಿದ್ದೀಯಾ? ಒಂದು ಗಳಿಗೆ ಕೂತ್ಕೋ" ಎಂದರು ಮನೆಯಲ್ಲಿ ಅತ್ತೆ. ಆಕೆ ಕೂತರು, ಎದ್ದರು. ಘಟಕದ ಅಂಗಳದ ಗೋಡೆಯಾಚೆ ಸಸಿ ಮಾರುವ ಅಜ್ಜನೊಬ್ಬರ ಬಾವಿಯಿತ್ತು. ಅವರ ಮನೆಮಂದಿ ಕುಡಿಯುತ್ತಿದ್ದುದು ಅದೇ ನೀರು.

ಬೆಳಗ್ಗೆ ಆಕೆ ಮುಂದಿಟ್ಟ ಅಂಕಿ ನೋಡಿ ಮ್ಯಾನೇಜರ್ ಮುಖ ಸಿಂಡರಿಸಿದರು. "ಕೆಸರು ಅದೇ ಅಲ್ವೇನಮ್ಮಾ? ಮಿತಿಯೊಳಗಿದೆ ಅಂತ ನೀವೇ ಸೈನ್ ಹಾಕಿದ್ದೀರಿ."

"ಕೆಸರು ಅದೇ ಸಾರ್, ಗಾಳಿ ಇಲ್ಲ. ಗಾಳಿ ಆಡ್ತಿದ್ರೆ ಪಾಷಾಣ ಕೆಸರಲ್ಲಿರೋ ಕಬ್ಬಿಣದ ತುಕ್ಕಿಗೆ ಅಂಟ್ಕೊಂಡಿರುತ್ತೆ. ಉಸಿರು ಕಟ್ಟಿದ್ರೆ ತುಕ್ಕು ಕರಗಿ, ಇದೂ ನೀರಿಗಿಳಿಯುತ್ತೆ."

"ಸುಣ್ಣ ಸುರಿದ್ರೆ?"

"ಅದನ್ನೂ ನೋಡಿದೆ. ನಮ್ಮ ಕೆಸರಲ್ಲಿ ಸುಣ್ಣದಿಂದ ಕ್ಷಾರ ಏರಿದ ಹಾಗೆ ಪಾಷಾಣ ಇನ್ನಷ್ಟು ಬಿಟ್ಕೊಳ್ತು."

"ಮುಚ್ಚೋಕೆ ಹೇಳಿದ್ದು ಯಾರು?"

"ನಾನೇ. ತಪ್ಪಾಯ್ತು ಅಂತ ಬರೆದು ಕೊಡ್ತೀನಿ."

ಬರೆದೂ ಕೊಟ್ಟರು. ಉತ್ತರಕ್ಕೆ ಕಾಯದೆ ಗೋಡೆ ಸುತ್ತಿ ಹೋಗಿ ಬಾವಿಯ ನೀರು ತಂದರು. ಪಾಷಾಣ ಮಿತಿ ದಾಟಿರಲಿಲ್ಲ, ಅಂಚಿನಲ್ಲಿತ್ತು.

"ಅಜ್ಜಾ, ಇದನ್ನ ಕುಡೀಬೇಡಿ. ಅಡುಗೆಗೂ ಬೇಡ."

"ನಲವತ್ತು ವರ್ಷ ಕುಡಿದಿದ್ದೀನಿ ತಾಯಿ. ಈಗೇನು ಬಂತು ಇದಕ್ಕೆ?"

"ನನ್ನ ಬುದ್ಧಿವಂತಿಕೆ ಬಂತು" ಎಂದು ಆಕೆ ತಲೆ ತಗ್ಗಿಸಿದರು.

ವಾರದೊಳಗೆ ಟಾರ್ಪಾಲು ತೆಗೆದು ಕೆಸರನ್ನು ಸಿಮೆಂಟು ನೆಲದ ಮೇಲೆ ತೆಳ್ಳಗೆ ಹರಡಿದರು. ಜಿನುಗಿದ ನೀರು ಘಟಕಕ್ಕೇ ಮರಳುವಂತೆ ಕಾಲುವೆಯಾಯಿತು, ಅಜ್ಜನ ಮನೆಗೆ ನಲ್ಲಿ ಬಂತು. ನಾತವೂ ಬಂತು, ಬೀದಿಯವರ ಬೈಗುಳವನ್ನು ಆಕೆಯೇ ಎದುರು ನಿಂತು ಕೇಳಿದರು. ಪ್ರತಿ ಸೋಮವಾರ ಬಾವಿಯ ನೀರು ತಂದು ಅಳೆದರು. ಏಳನೆಯ ತಿಂಗಳಿಗೆ ಅಂಕಿ ಅರ್ಧಕ್ಕಿಳಿಯಿತು. ಆದರೂ ಯಾವುದೋ ವಾರ ಅದು ಕೂದಲೆಳೆಯಷ್ಟು ಏರಿದರೆ, ಮಂಗಳವಾರವೇ ಮತ್ತೆ ಬಾಟಲಿ ಹಿಡಿದು ಹೊರಡುತ್ತಿದ್ದರು.