ನಿಂಬೆಹಣ್ಣಿಗಾಗಿ ಹಾಕಿಸಿದ ಟೈರು

ಪಚಕ್. ನನ್ನ ತಂಗಿಯ ಕಾರಿನ ನಾಲ್ಕೂ ಚಕ್ರಗಳ ಕೆಳಗೆ ನಿಂಬೆಹಣ್ಣು ಒಟ್ಟಿಗೆ ಒಡೆದ ಸದ್ದು ಅದು. ಆ ಆಯುಧಪೂಜೆಯ ದಿನ ಹನಗೋಡಿನ ತಮ್ಮನ ಮನೆಯಂಗಳದಲ್ಲಿ ನೆರೆದವರೆಲ್ಲ ಆಹಾ ಅಂದರು. ಆಮೇಲೆ ನನ್ನ ಸರದಿ. ಕಾರನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟೆ. ಎಡಗಡೆಯ ಮುಂಚಕ್ರದ ನಿಂಬೆಹಣ್ಣು ಒಡೆಯಲಿಲ್ಲ. ಚಂಗನೆ ಪಕ್ಕಕ್ಕೆ ಹಾರಿ, ಉರುಳುತ್ತಾ ಹೋಗಿ ಅವ್ವನ ಕಾಲ ಬಳಿ ನಿಂತಿತು.

ಅವ್ವನಿಗೆ ಆಗ ತೊಂಬತ್ತರ ಹತ್ತಿರ. ಊರುಗೋಲಿನಿಂದ ಹಣ್ಣನ್ನು ಆಚೆಗೆ ತಳ್ಳಿದಳು. "ಈ ಕಾರು ನಿಂಬೆಣ್ಣ ಒಪ್ಕಳ್ನಿಲ್ಲ ಕಣವ್ವ. ಇನ್ಮ್ಯಾಕೆ ನಾನು ಚಿಕ್ಕೋಳ ಕಾರಲ್ಲೇ ಓಯ್ತೀನಿ, ಬುಡು."

ನನ್ನ ಕಾರು ಇಳಿಜಾರಿನ ಜಲ್ಲಿಯ ಮೇಲಿತ್ತು, ತಂಗಿಯದು ಸಿಮೆಂಟಿನ ಮೇಲೆ. ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಪ್ರತಿ ಅಮಾವಾಸ್ಯೆಗೆ ಅವ್ವ ಹಂಪಾಪುರದ ಕಡೆಯ ತನ್ನ ತವರೂರಿನ ಗುಡಿಗೆ ಹೋಗಬೇಕು. ಹುಣಸೂರಿನಿಂದ ನಾನು, ಪಿರಿಯಾಪಟ್ಟಣದಿಂದ ತಂಗಿ, ಇಬ್ಬರೂ ಅವ್ವ ಇದ್ದ ತಮ್ಮನ ಮನೆಗೆ ಕಾರು ಓಡಿಸಿಕೊಂಡು ಬರುತ್ತಿದ್ದೆವು. ಒಂದು ತಿಂಗಳು ಅವ್ವ ನನ್ನ ಪಕ್ಕದ ಸೀಟಿನಲ್ಲಿ, ಮುಂದಿನ ತಿಂಗಳು ಅವಳ ಪಕ್ಕದಲ್ಲಿ. ಆ ನಿಂಬೆಹಣ್ಣು ಹಾರಿದ ಮೇಲೆ ಪ್ರತಿ ತಿಂಗಳೂ ಅವಳದೇ ಕಾರು. ನಾನು ಖಾಲಿ ಸೀಟು ಇಟ್ಟುಕೊಂಡು ಹಿಂದೆ ಹಿಂದೆ. ಈ ವಯಸ್ಸಿನಲ್ಲಿ ಇದೆಲ್ಲ ಶೋಭೆಯೇ ಎಂದು ಕೇಳಿಕೊಳ್ಳುತ್ತಿದ್ದೆ. ಆದರೆ ಜೆಲಸಿಗೆ ರಿಟೈರ್‌ಮೆಂಟ್ ಏಜ್ ಇಲ್ಲ.

ನಮ್ಮಿಬ್ಬರದೂ ಒಂದೇ ಮಾದರಿಯ ಕಾರು, ಕಂಪನಿ ಕೊಟ್ಟ ಅದೇ ರಿಮ್ಮು. ವ್ಯತ್ಯಾಸ ಟೈರಿನದು. ನನ್ನದು ಕಾರಿನ ಜೊತೆಗೆ ಬಂದದ್ದು, ಅಗಲ 185 ಮಿಲಿಮೀಟರ್. ಅವಳು ರಸ್ತೆಗೆ ಅಂಟಿಕೊಂಡು ಓಡುವ ಮೆದು ರಬ್ಬರಿನ ಪರ್ಫಾರ್ಮೆನ್ಸ್ ಟೈರು ಹಾಕಿಸಿದ್ದಳು. ಒಂದು ಅಮಾವಾಸ್ಯೆಯ ಸಂಜೆ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ನಾನು ಮಂಡಿಯೂರಿ ಅದರ ಪಕ್ಕೆಯನ್ನು ಓದಿದೆ: 195. ಹತ್ತೇ ಮಿಲಿಮೀಟರ್! ಅಷ್ಟಕ್ಕೇ ಅವ್ವ ಅವಳ ಪಾಲಾದಳೇ?

ಹುಣಸೂರಿನ ಟೈರ್ ಅಂಗಡಿಯ ಸಾಹೇಬರು ನಮಗೆ ಹಳೆಯ ಪರಿಚಯ. "205 ಹಾಕಿ," ಅಂದೆ.

"ಅಮ್ಮಾ, ನಿಮ್ದು ಐದೂವರೆ ಇಂಚಿನ ರಿಮ್ಮು. 195 ಖಾಸಾ ಕೂರ್ತದೆ."

"ಐದೂವರೆಗೆ 205 ಲಿಮಿಟ್ ಒಳಗೇ ಇದೆ ಸಾಹೇಬ್ರೇ. ಐ ಹ್ಯಾವ್ ರೆಡ್ ಇಟ್."

"ಓದಿರೋರ್ಗೆ ಏನ್ ಹೇಳ್ಲಿ? ನಿಮ್ ಕಾರು, ನಿಮ್ ಖುಷಿ."

ನಾನು ಓದಿದ್ದು ಸುಳ್ಳೇನಲ್ಲ. ಆ ರಿಮ್ಮಿಗೆ 205 ಕಟ್ಟಕಡೆಯ ಅಗಲ. ಕೂರುತ್ತದೆ, ಆದರೆ ಪಕ್ಕೆ ಸ್ವಲ್ಪ ಉಬ್ಬುತ್ತದೆ. ನಾನು ಗಮನಿಸದೆ ಬಿಟ್ಟದ್ದು ಅಗಲದ ಪಕ್ಕದ ಸಂಖ್ಯೆಯನ್ನು. ಟೈರಿನ ಪಕ್ಕೆಯ ಎತ್ತರ ಅದರ ಅಗಲದ ಶೇಕಡಾ ಇಷ್ಟು ಎಂದು ಹೇಳುವ ಸಂಖ್ಯೆ ಅದು. ಕಂಪನಿಯದು 65. ತಂಗಿ ಅಗಲ ಹೆಚ್ಚಿಸಿಕೊಂಡಾಗ ಅದನ್ನು 60ಕ್ಕೆ ಇಳಿಸಿದ್ದಳು, ಚಕ್ರ ಹೆಚ್ಚುಕಡಿಮೆ ಅಷ್ಟೇ ಎತ್ತರ ಉಳಿಯಲಿ ಎಂದು. ನಾನು 65ನ್ನೇ ಇಟ್ಟೆ. ನನ್ನ ಚಕ್ರ ಅಗಲವೂ ಆಯಿತು, ಎತ್ತರವೂ ಆಯಿತು. ನನ್ನ ತಲೆಯಲ್ಲಿದ್ದದ್ದು ಸ್ಟೀರಿಂಗಲ್ಲ, ಬ್ರೇಕಲ್ಲ. ನಿಂಬೆಹಣ್ಣು!

ಮುಂದಿನ ಅಮಾವಾಸ್ಯೆಗೆ ತಮ್ಮನ ಅಂಗಳದಲ್ಲಿ, ಸಿಮೆಂಟಿನ ಮೇಲೇ ಕಾರು ನಿಲ್ಲಿಸಿ, ಹೊಸ ಟೈರುಗಳ ಪೂಜೆಯೆಂದು ನಿಂಬೆಹಣ್ಣು ಇಟ್ಟೆ. ಪಚಕ್! ನಾಲ್ಕೂ ಹಣ್ಣು ಚಪ್ಪಟೆ. ಅವ್ವ ಬಗ್ಗಿ ಬಗ್ಗಿ ಪ್ರತಿಯೊಂದನ್ನೂ ನೋಡಿ, "ಈಗ ಒಪ್ಕತು" ಅಂದಳು. ಸೆರಗು ಸರಿಮಾಡಿಕೊಂಡು ನನ್ನ ಪಕ್ಕ ಕೂತಳು. ತಂಗಿಯ ಮುಖ ನೋಡಲೆಂದೇ ನಾನು ಹಾರ್ನ್ ಒತ್ತಿದೆ.

ಊರು ದಾಟುವವರೆಗೆ ನಾನು ಮಹಾರಾಣಿ. ನೇರ ರಸ್ತೆಯಲ್ಲಿ ಎಲ್ಲ ಚೆನ್ನಾಗಿತ್ತು. ಹಂಪಾಪುರ ದಾಟಿ ಗುಡಿಯ ಕಿರುದಾರಿಗೆ ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ ಮುಂಚಕ್ರದಿಂದ ಗರ್ರ್ ಎಂದು ಸದ್ದು ಬಂತು. ಟೈರು ಒಳಗಿನ ಮಡ್‌ಗಾರ್ಡಿಗೆ ಉಜ್ಜುತ್ತಿತ್ತು.

"ಏನೇ ಅದು? ಯಾರ್ನಾರಾ ಅರ್ದ್‌ಬುಟ್ಯಾ?"

"ಏನಿಲ್ಲಮ್ಮ, ರಸ್ತೆ ಸರಿ ಇಲ್ಲ."

ಇನ್ನೊಂದು ತಿರುವು, ಇನ್ನೊಂದು ಗರ್ರ್. "ನಿನ್ ಕಾರೂ ನಿನ್ನಂಗೇ ಗೊಣಗ್ತದೆ ಕಣೆ," ಅಂದಳು ಅವ್ವ.

ಗುಡಿಯ ಮುಂದೆ ತಂಗಿ ತನ್ನ ಕಾರಿನಿಂದಿಳಿದು ಬಂದು ನನ್ನ ಚಕ್ರ ನೋಡಿದಳು. ಕಾನ್ವೆಂಟಿನಲ್ಲಿ ಅವಳ ಕಿರಿದಾದ ಕಪ್ಪು ಶೂಗಳಿಗೆ ಆಸೆಪಟ್ಟು, ನನ್ನ ಅಗಲ ಪಾದ ತುರುಕಿ ಹಿಮ್ಮಡಿಯಲ್ಲಿ ಬೊಬ್ಬೆ ಬರಿಸಿಕೊಂಡವಳು ನಾನು. "ಅಕ್ಕ, ಮತ್ತೆ ನನ್ನ ಶೂ ಹಾಕ್ಕೊಂಡ್ಯಾ?" ಅಂದಳು.

"ಶಟ್ ಅಪ್," ಅಂದೆ. ಅಕ್ಕರೆಯಿಂದಲ್ಲ.

ಪೂಜೆ ಮುಗಿಸಿ ಹೊರಟಾಗ ಅವ್ವ ನನ್ನ ಕಾರಿನ ಬಾಗಿಲು ಹಿಡಿದು ಕ್ಷಣ ನಿಂತಳು. "ಈ ಗರ್ರ್ ತಗ್ಸು. ಬರೋ ಅಮಾಸೆಗೆ ನಿನ್ ಕಾರಲ್ಲೇ ಬತ್ತೀನಿ, ಆಣೆ," ಎಂದು ಹೇಳಿ ತಂಗಿಯ ಕಾರಿನತ್ತ ನಡೆದಳು.

ಮರುವಾರವೇ 195 ಹಾಕಿಸಿದೆ, ಪಕ್ಕದ ಸಂಖ್ಯೆ 60. ಕಾರು ಬೆಣ್ಣೆಯಂತೆ ತಿರುಗುತ್ತಿತ್ತು. ಅಮಾವಾಸ್ಯೆಗೆಂದು ನಿಂಬೆಹಣ್ಣನ್ನೂ ತಂದಿಟ್ಟಿದ್ದೆ. ಆ ದಿನ ಬರುವ ಮೊದಲೇ, ತಮ್ಮನ ಮನೆಯಲ್ಲಿ, ಮಧ್ಯಾಹ್ನ ಉಂಡು ಮಲಗಿದ ಅವ್ವ ಏಳಲಿಲ್ಲ.

ಅಂದು ಗುಡಿಯಿಂದ ನಾನು ನೇರ ಹುಣಸೂರಿಗೆ ಮರಳಿದ್ದೆ. ಹಾಗಾಗಿ ಅವ್ವನನ್ನು ಕೊನೆಯ ಸಲ ಜೀವಂತ ಕಂಡದ್ದು ಆ ಗುಡಿಯ ದಾರಿಯಲ್ಲಿ, ಹಿಂದಿನಿಂದ. ನಾನು ಉಜ್ಜುವ ಚಕ್ರವನ್ನು ಇಂಚಿಂಚಾಗಿ ತಿರುಗಿಸುತ್ತಿದ್ದೆ. ತಂಗಿಯ ಕಾರು ಆಗಲೇ ತಿರುವಿನಲ್ಲಿತ್ತು. ಅದರ ಎಡಗಡೆಯ ಕಿಟಕಿಯಿಂದ ಬಳೆ ತೊಟ್ಟ ಕೈಯೊಂದು ಹೊರಬಂದು, ಬಾ ಬಾ ಎಂದು ನನ್ನನ್ನು ಕರೆಯುತ್ತಲೇ ತಿರುವಿನಾಚೆ ಹೋಯಿತು.