ಮಿರ್ಚಿ ಅಂಗಡಿಯ ಉಪ್ಪುನೀರು

ಹೊನ್ನಾಳಿಯಲ್ಲಿ ನಮ್ಮ ಎದುರುಮನೆಯ ಮಿರ್ಚಿ-ಮಂಡಕ್ಕಿ ಅಂಗಡಿಯವರು ಗಲ್ಲಾಪೆಟ್ಟಿಗೆಯ ಪಕ್ಕದ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರಿನ ಕಿತ್ತಳೆ ಬಣ್ಣದ ಮೀನೊಂದನ್ನು ಸಾಕಿದ್ದರು. ತೊಟ್ಟಿಯ ನೀರನ್ನು ಶುಚಿಮಾಡುವ ಸ್ಕಿಮ್ಮರ್ ಎಂಬ ಯಂತ್ರದಲ್ಲಿ ಸಣ್ಣ ಗುಳ್ಳೆಗಳು ನೀರಿನ ಕೊಳೆಯನ್ನು ಅಂಟಿಸಿಕೊಂಡು ಏರಿ, ನೊರೆಯಾಗಿ ಮೇಲಿನ ಬಟ್ಟಲು ಸೇರುತ್ತಿದ್ದವು. "ಹೊಲಸು ತಾನೇ ಮ್ಯಾಲೆ ಬರ್ತೈತ್ರೀ, ಗಾಳಿ ಕೊಡಬೇಕಷ್ಟೆ," ಎಂದು ಬಟ್ಟಲು ತಟ್ಟಿ ಎಲ್ಲರಿಗೂ ಹೇಳುತ್ತಿದ್ದರು.

ಒಮ್ಮೆ ನೊರೆ ನಿಂತೇಹೋಯಿತು. ನೀರು ಮಬ್ಬಾಗಿ, ಮೀನು ತಳದಲ್ಲಿ ಮಲಗಿತು. ಅವರು ಬಾಣಲೆಯ ಹೊಗೆಯನ್ನೇ ದಿಟ್ಟಿಸಿದರು.

"ಇದು ಗಾಳಿ ಜೋಡಿ ಎಣ್ಣೆ ಹೊಗೆ ಎಳಕೊಂಡ್ರೆ ನೊರೆ ಹೆಂಗೆ ಏಳ್ತೈತ್ರೀ?"

ವ್ಯಾಪಾರ ಬಿಟ್ಟು ಒಲೆ ಆರಿಸಿದರು. ಸ್ಕಿಮ್ಮರ್ ಗಾಳಿ ಎಳೆಯುವ ಕೊಳವೆಗೆ ಉದ್ದದ ಪೈಪು ಜೋಡಿಸಿ, ಹಿಂದಿನ ಕಿಟಕಿಯಿಂದ ಹೊರಗೆ ಬಿಟ್ಟರು.

ಮರುದಿನ ಸಂಜೆ ಬಟ್ಟಲಲ್ಲಿ ಕಂದು ನೊರೆ ತುಂಬಿತ್ತು. ಮೀನು ಗಾಜಿನ ಹತ್ತಿರ ಈಜುತ್ತಿತ್ತು. ಒಲೆ ಹೊತ್ತಿಸಿ, ಮೊದಲ ಮಿರ್ಚಿಯನ್ನು ನನ್ನ ಕೈಗಿಟ್ಟರು.

"ತಿನ್ರಿ. ಆದ್ರೆ ಆ ಎಣ್ಣೆ ಕೈ ನೀರಿಗೆ ಹಾಕಬ್ಯಾಡ್ರಿ."